ಬಾಣಂತಿ ಕೋಣೆಯ ಪಾಳೇಗಾರ

ಕೊಡಿಗೇಹಳ್ಳಿ
೨೦-೯-೧೯೬೧

ಅಳಿಯಂದಿರಾದ ಚಿ॥ ರಾಮಕೃಷ್ಣಪ್ಪನವರಿಗೆ ಮಾವ ಪಿಳ್ಳಣ್ಣನ ಆಶೀರ್ವಾದ.

ಕಲ್ಕತ್ತ ಸೇರಿದ ವಿಷಯ ತಿಳಿದು ಸಮಾಧಾನವಾಯಿತು. ಫ್ಯಾಕ್ಟರಿಯವರು ನಿಮ್ಮನ್ನು ಆರು ತಿಂಗಳ ತರಬೇತಿಗೆ ಅಷ್ಟು ದೂರ ಕಳಿಸಿದ್ದಾರೆ ಎಂದರೆ ನಿಮ್ಮ ಕೈಕೆಲಸದ ಮೇಲೆ ಅವರಿಗೆ ನಂಬಿಕೆ ಇದೆ ಅಂತ ತಾನೇ. ಊರಲ್ಲಿ ನಾಲ್ಕು ಜನರ ಮುಂದೆ ನಾನೂ ಸ್ವಲ್ಪ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೇನೆ.

ನಿಮ್ಮ ಯಶವಂತಪುರದ ಕೋಣೆ ಖಾಲಿ ಮಾಡಿ ಅಂಜಿನಮ್ಮನನ್ನು ಗಾಡಿಯಲ್ಲಿ ಕರೆದುಕೊಂಡು ಬಂದೆವು. ಪಾತ್ರೆಪಗಡ, ಹಾಸಿಗೆ ಸುರುಳಿ ತರುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನಿಮ್ಮ ಮೀನುಗಳದ್ದು. ಏಳು ತಿಂಗಳ ಬಸುರಿ, ಮಡಿಲಲ್ಲಿ ಎರಡು ಹಾರ್ಲಿಕ್ಸ್ ಬಾಟ್ಲಿ ಹಿಡಿದುಕೊಂಡು ಕೂತಿದ್ದಾಳೆ. ಹೆಬ್ಬಾಳದ ಕೆರೆ ಏರಿಯ ಮೇಲೆ ಗಾಡಿ ಕುಲುಕಿದಾಗಲೆಲ್ಲ "ಅಪ್ಪಾ, ಮೆಲ್ಲಕ್ ಒಡಿ, ನೀರು ತುಳುಕ್ತದೆ" ಅನ್ನುವುದು. "ನಿನ್ ಒಟ್ಟೆ ಚಿಂತೆ ಮಾಡವ್ವ, ಮೀನಿನ್ ಚಿಂತೆ ಆಮ್ಯಾಕೆ" ಎಂದರೆ ನಗುತ್ತಾಳೆ.

ಕೆರೆಯ ಮೀನನ್ನು ಹಿಡಿದು ಸಾರು ಮಾಡಿ ಉಂಡವನು ನಾನು. ಬಾಟ್ಲಿಯಲ್ಲಿಟ್ಟು ಮುಖ ನೋಡುತ್ತಾ ಕೂರುವುದು ನಮ್ಮ ವಂಶದಲ್ಲೇ ಇಲ್ಲ. ಆದರೆ ಆ ನೀಲಿ ಗಂಡು ಮಾತ್ರ ಘಾಟಿ. ಅಂಜಿನಮ್ಮ ತಲೆ ಬಾಚಲು ಕನ್ನಡಿ ಹಿಡಿದರೆ ತನ್ನ ನೆರಳನ್ನೇ ಕಂಡು ರೆಕ್ಕೆ ಅರಳಿಸಿಕೊಂಡು ಯುದ್ಧಕ್ಕೆ ಬರುತ್ತಾನೆ. ಅವನಿಗೆ ಪಾಳೇಗಾರ ಎಂದು ಹೆಸರಿಟ್ಟಿದ್ದೇನೆ.

ಒಂದು ವಿಷಯ. ಗಂಡನ್ನೂ ಹೆಣ್ಣನ್ನೂ ಬೇರೆ ಬೇರೆ ಬಾಟ್ಲಿಯಲ್ಲಿ ಇಟ್ಟಿದ್ದೀರಲ್ಲ, ಅದು ನಿಮ್ಮ ಅತ್ತೆಗೆ ಸರಿ ಬರಲಿಲ್ಲ. "ಬಸುರಿ ಮನೇಲಿ ಗಂಡ ಎಂಡ್ತೀನ ಇಂಗೆ ಅಗಲಿಸಿ ಇಡಬಾರ್ದು, ಅಪಶಕುನ" ಎಂದಳು. ಸರಿ ಎಂದು ನೀವು ಸಂದುಗಳಿಗೆ ಪುಟ್ಟಿ ಮೆತ್ತಿ ಮಾಡಿದ ಗಾಜಿನ ತೊಟ್ಟಿಯನ್ನು ಜಗುಲಿಯ ಮೇಲಿಟ್ಟು, ನೀರು ತುಂಬಿ, ಎರಡನ್ನೂ ಒಟ್ಟಿಗೆ ಬಿಟ್ಟೆ. ಪಾಳೇಗಾರ ಹೆಂಡತಿಯನ್ನು ಅಟ್ಟಾಡಿಸಿ ಬಾಲ ಹರಿದಿದ್ದಾನೆ. ರಾಗಿಮುದ್ದೆ ಚೂರು ಹಾಕಿದರೆ ಮೂಸಿಯೂ ನೋಡುವುದಿಲ್ಲ. ಇವುಗಳ ಊಟ ಏನು, ಜಗಳ ಏನು, ಬಿಡಿಸಿ ಬರೆಯಿರಿ. ಅಂಜಿನಮ್ಮನಿಗೆ ಓದು ಬಾರದು, ನಿಮಗೆ ಗೊತ್ತೇ ಇದೆ. ನಿಮ್ಮ ಕಾಗದ ಬಂದರೆ ಜಗುಲಿಯ ಮೇಲೆ ಕೂತು ನಾನೇ ಎಲ್ಲರಿಗೂ ಕೇಳುವಂತೆ ಓದುತ್ತೇನೆ.

ಇಂತಿ,
ಪಿಳ್ಳಣ್ಣ

———

ಕಲ್ಕತ್ತ
೨೮-೯-೧೯೬೧

ಪೂಜ್ಯ ಮಾವನವರ ಪಾದಗಳಿಗೆ ರಾಮಕೃಷ್ಣಪ್ಪನ ನಮಸ್ಕಾರಗಳು.

ತಮ್ಮ ಕಾಗದ ಓದಿ ಗಾಬರಿಯಾಯಿತು. ರಾಗಿಮುದ್ದೆ, ಅನ್ನ ಯಾವುದನ್ನೂ ಹಾಕಬೇಡಿ. ನೀರು ಕೊಳೆತು ಮೀನು ಸಾಯುತ್ತವೆ. ದನಗಳು ಕುಡಿಯುವ ಕಲ್ಲುಬಾನಿಯಲ್ಲಿ ಸೊಳ್ಳೆಯ ಹುಳುಗಳು ಕುಣಿಯುತ್ತಿರುತ್ತವೆ, ಬಟ್ಟೆಯಲ್ಲಿ ಸೋಸಿ ಅವನ್ನು ಹಾಕಿ. ತಿಂದು ಮಿಕ್ಕುವಷ್ಟು ಹಾಕಬಾರದು. ಬಾವಿಯ ನೀರನ್ನು ಸೇದಿದ ಕೂಡಲೇ ಹಾಕದೆ ಒಂದು ರಾತ್ರಿ ಗಡಿಗೆಯಲ್ಲಿಟ್ಟು ಆಮೇಲೆ ಬಳಸಿ. ಈ ಜಾತಿ ಮೀನು ಮೇಲೆ ಬಂದು ಗಾಳಿಯನ್ನು ಗುಟುಕರಿಸುತ್ತದೆ. ತೊಟ್ಟಿಯ ಮೇಲೆ ಗಾಜು ಮುಚ್ಚಿ, ಪೂರ್ತಿ ಮುಚ್ಚದೆ ಸ್ವಲ್ಪ ಸಂದು ಬಿಡಿ. ತಣ್ಣನೆಯ ಗಾಳಿ ನೇರ ತಗಲಬಾರದು.

ಇವು ಕಾದಾಡುವ ಜಾತಿ. ಮರಿ ಮಾಡಿಸುವ ಸಮಯ ಬಿಟ್ಟರೆ ಗಂಡು ಹೆಣ್ಣು ಒಟ್ಟಿಗೆ ಇರಬಾರದು. ಆದರೆ ನೀವು ಆಗಲೇ ಬಿಟ್ಟಿದ್ದೀರಿ. ಈ ಕಾಗದ ತಲುಪುವಾಗಲೂ ಒಟ್ಟಿಗೇ ಇದ್ದು, ಹೆಣ್ಣಿನ ಹೊಟ್ಟೆ ದಪ್ಪವಾಗಿದ್ದರೆ ಹೀಗೆ ಮಾಡಿ. ನೀರನ್ನು ಒಂದು ಗೇಣಿಗಿಂತ ಕಡಿಮೆ ಮಾಡಿ. ಹೆಣ್ಣು ಬಚ್ಚಿಟ್ಟುಕೊಳ್ಳಲು ಒಡೆದ ಮಡಕೆಯ ಬೋಕಿ ಹಾಕಿ. ಬಾಳೆಎಲೆಯ ತುಂಡನ್ನು ತೇಲಿಬಿಡಿ. ಗಂಡು ಎಲೆಯ ಕೆಳಗೆ ನೊರೆಯ ಗೂಡು ಕಟ್ಟುತ್ತದೆ. ದಯವಿಟ್ಟು ಅದನ್ನು ಕೊಳೆ ಎಂದು ತಿಳಿದು ತೆಗೆಯಬೇಡಿ. ಆ ಗೂಡಿನಲ್ಲೇ ಮೊಟ್ಟೆ.

ನಾನೂ ಮರಿ ಮಾಡಿಸಿ ನೋಡಿದವನಲ್ಲ. ಮೀನು ಕೊಟ್ಟ ಶಿವಾಜಿನಗರದ ಮುಕ್ತಾರ್ ಸಾಬರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಬಹಳ ಮುಖ್ಯ: ಮೊಟ್ಟೆ ಇಟ್ಟು ಮುಗಿದ ತಕ್ಷಣ ಎರಡರಲ್ಲಿ ಒಂದನ್ನು ಆಚೆ ತೆಗೆದುಬಿಡಬೇಕು. ಇಲ್ಲದಿದ್ದರೆ ಮೊಟ್ಟೆ ಉಳಿಯುವುದಿಲ್ಲ. ಜಾಗ ಮುಗಿಯಿತು, ಉಳಿದದ್ದು ನಾಳೆ ಬರೆಯುತ್ತೇನೆ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ರಾಮಕೃಷ್ಣಪ್ಪ

———

ಕೊಡಿಗೇಹಳ್ಳಿ
೬-೧೦-೧೯೬೧

ಅಳಿಯಂದಿರಿಗೆ ಪಿಳ್ಳಣ್ಣನ ಆಶೀರ್ವಾದ.

ನಿಮ್ಮ ನಾಳೆ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಇಲ್ಲಿ ಎಲ್ಲ ನಡೆದುಹೋಯಿತು.

ನೀವು ಬರೆದ ಹಾಗೆಯೇ ಮಾಡಿದೆ. ಬೋಕಿ ಹಾಕಿದೆ, ಬಾಳೆಎಲೆ ತೇಲಿಬಿಟ್ಟೆ. ಪಾಳೇಗಾರ ಎಲೆಯ ಅಡಿಯಲ್ಲಿ ಉಗುಳಿ ಉಗುಳಿ ನೊರೆ ಗುಡ್ಡೆ ಹಾಕಿದ. ಆಮೇಲೆ ಅದೇನು ಸರಸವೋ! ಅಷ್ಟು ದಿನ ಕಚ್ಚಿ ಓಡಿಸಿದವನು ಹೆಂಡತಿಯನ್ನು ಸುತ್ತಿಕೊಂಡು ನಿಂತ. ಜಗುಲಿಯಲ್ಲಿ ಹುಡುಗಿಯರು ಇದ್ದರು, ನಾನೇ ಟವಲು ಹೊದಿಸಿದೆ. ಮಧ್ಯಾಹ್ನ ತೆಗೆದು ನೋಡಿದರೆ ನೊರೆಯ ತುಂಬ ಗಸಗಸೆಯಂಥ ಮೊಟ್ಟೆ.

ಒಂದನ್ನು ತೆಗೆಯಬೇಕು ಎಂದಿದ್ದಿರಿ. ಯಾವುದನ್ನು ಎಂದು ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ ಬಿಡಿ. ಹೆರಿಗೆಯಾದ ಕಡೆ ಗಂಡಸಿಗೇನು ಕೆಲಸ? ನಾನೇ ಆರು ಮಕ್ಕಳ ತಂದೆ. ಒಂದು ಮಗುವಿನ ಮೊದಲ ಅಳುವನ್ನೂ ಬಾಗಿಲಿನ ಈಚೆ ನಿಂತೇ ಕೇಳಿದವನು. ಪಾಳೇಗಾರನನ್ನು ಚೊಂಬಿನಲ್ಲಿ ಹಿಡಿದು ಬಾಟ್ಲಿಗೆ ಹಾಕಿದೆ. ಸುಲಭಕ್ಕೆ ಬರಲಿಲ್ಲ. ಗೂಡಿನ ಕೆಳಗೆ ನಿಂತುಕೊಂಡು ನನ್ನ ಬೆರಳಿಗೇ ಕಚ್ಚಲು ಬಂದ. ಬಾಟ್ಲಿಯಲ್ಲಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತಾ ಇದ್ದಾನೆ. ತಾಯಿಯನ್ನು ಮೊಟ್ಟೆಗಳ ಜೊತೆ ನೆಮ್ಮದಿಯಾಗಿ ಬಿಟ್ಟಿದ್ದೇನೆ.

ಈಗ ನನ್ನ ಮಾತು. ಇನ್‌ಲ್ಯಾಂಡಿನ ಉದ್ದಕ್ಕೂ ಮೀನು. ಕೊನೆಯಲ್ಲಿ ಒಂದು ಸಾಲು, "ಎಲ್ಲರೂ ಕ್ಷೇಮ". ಆ ಎಲ್ಲರಲ್ಲಿ ನಮ್ಮ ಎತ್ತುಗಳೂ ಸೇರಿದವೋ? ಓದಿ ಹೇಳಿದಾಗ ಅಂಜಿನಮ್ಮ "ಇನ್ನೇನ್ ಬರ್ದವ್ರೆ?" ಎಂದಳು. ಆ ಸಾಲಿನ ಕೆಳಗೆ ನೀವು ಏನೋ ಬರೆದು ಮಸಿಯಲ್ಲಿ ಗೀಚಿ ಹಾಕಿದ್ದೀರಿ. ಬಿಸಿಲಿಗೆ ಹಿಡಿದು ನೋಡಿದೆ, ತಿಳಿಯಲಿಲ್ಲ. "ಇಷ್ಟೇ" ಎಂದೆ.

ಪಿಳ್ಳಣ್ಣ

———

ಕಲ್ಕತ್ತ
೭-೧೦-೧೯೬೧

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಕ್ಷಮಿಸಬೇಕು. ಮಾರನೆಯ ದಿನವೇ ಬರೆಯಬೇಕೆಂದಿದ್ದೆ. ಇಲ್ಲಿನ ನೀರು ಒಗ್ಗದೆ ಜ್ವರ ಬಂದು ಮಲಗಿಬಿಟ್ಟೆ. ಈಗ ಎದ್ದು ಕೂತಿದ್ದೇನೆ.

ಮೊಟ್ಟೆಯಾದ ಮೇಲೆ ತೆಗೆಯಬೇಕಾದ್ದು ಹೆಣ್ಣನ್ನು. ಇದು ತಮಗೆ ವಿಚಿತ್ರವೆನಿಸಬಹುದು. ಈ ಜಾತಿಯಲ್ಲಿ ಹೆಣ್ಣು ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಬಾಣಂತನವೆಲ್ಲ ಗಂಡಿನದು. ಉದುರಿದ ಮೊಟ್ಟೆಯನ್ನು ಬಾಯಲ್ಲಿ ಎತ್ತಿ ಗೂಡಿಗೆ ಸೇರಿಸುತ್ತದೆ. ಮರಿಯಾದ ಮೇಲೂ ಅವು ಜೋತಾಡುತ್ತಾ ಕೆಳಗೆ ಬೀಳುತ್ತಿರುತ್ತವೆ, ಒಂದೊಂದನ್ನೇ ಹುಡುಕಿ ಎತ್ತಿಡುತ್ತದೆ. ಊಟವನ್ನೂ ಮಾಡುವುದಿಲ್ಲ. ಮರಿಗಳು ತಾವೇ ಅಡ್ಡಡ್ಡ ಈಜಲು ಕಲಿತ ಮೇಲೆ ಗಂಡನ್ನೂ ತೆಗೆಯಬೇಕು. ಆಗ ಬಾಳೆಸಿಪ್ಪೆ ಕೊಳೆಸಿದ ನೀರನ್ನು ಹನಿ ಹನಿ ಹಾಕಿ, ಆಮೇಲೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಡಿ.

ಅಲ್ಲಿ ಈಗ ಮಳೆಯೇ? ಜಗುಲಿಯಲ್ಲಿ ರಾತ್ರಿ ಶೀತವಾಗುವುದಿಲ್ಲವೇ? ಏನೇ ಆದರೂ, ಎಷ್ಟು ಸಣ್ಣದಾದರೂ, ನನಗೆ ಒಂದು ತಂತಿ ಕೊಡಿ ಮಾವ.

ರಾಮಕೃಷ್ಣಪ್ಪ

———

ಕೊಡಿಗೇಹಳ್ಳಿ
೧೫-೧೦-೧೯೬೧

ಅಳಿಯಂದಿರಿಗೆ.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಗಾಯಿತು ನಿಮ್ಮ ಕಾಗದ.

ಮಾರನೆಯ ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ನೊರೆ ಚೆದುರಿ ಹೋಗಿದೆ, ಹೆಣ್ಣು ಹೊಟ್ಟೆ ಉಬ್ಬಿಸಿಕೊಂಡು ಬೋಕಿಯ ಪಕ್ಕ ನಿಂತಿದೆ. ಇಲಿಯೋ ಹಲ್ಲಿಯೋ ತಿಂದಿರಬೇಕು ಎಂದು ಜಗುಲಿಯೆಲ್ಲ ಹುಡುಕಿದೆ. ನಿಮ್ಮ ಕಾಗದ ಬಂದ ಮೇಲೆ ಗೊತ್ತಾಯಿತು, ಕಳ್ಳಿ ಒಳಗೇ ಇದ್ದಳು. ಗಂಡಿಗೆ ಬಾಣಂತನ ಎಂದು ಬರೆದಿದ್ದೀರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಾಗೆ ನಂಬಲು ನಾನೇನು ದಡ್ಡನೇ ಎಂದು ಬರೆಯಲು ಹೊರಟಿದ್ದೆ. ಆದರೆ ಮೊಟ್ಟೆ ಹೋಗಿರುವುದು ನಿಜ, ಪಾಳೇಗಾರ ಮೂತಿ ಗುದ್ದಿಕೊಂಡದ್ದೂ ನಿಜ. ನನಗೆ ಏನೂ ಅರ್ಥವಾಗುತ್ತಿಲ್ಲ. ದನ, ಕುರಿ, ಕೋಳಿ ಎಲ್ಲದರ ಹೆರಿಗೆ ನೋಡಿದ್ದೇನೆ, ಇಂಥ ಅಡ್ಡಾದಿಡ್ಡಿ ಸಂಸಾರ ಕಂಡಿಲ್ಲ.

ಬಸುರಿ ಹೆಂಗಸಿನ ಕಿವಿಗೆ ಬೀಳುವ ಮಾತೇ ಇದು? ಹೆತ್ತವಳೇ ತಿಂದಳು ಎಂದು ಹೇಗೆ ಹೇಳಲಿ? ಅವಳ ಮುಂದೆ ನಿಮ್ಮ ಕಾಗದವನ್ನು ಬೇರೆ ಥರ ಓದಿದೆ. ಮೊಟ್ಟೆ ಗೊಡ್ಡಾಗಿತ್ತು ಎಂದು ಸೇರಿಸಿದೆ. ಗಂಡು ಹೆಣ್ಣು ಎರಡನ್ನೂ ಮತ್ತೆ ಬಾಟ್ಲಿಗೆ ಹಾಕಿದ್ದೇನೆ. ಶಕುನ ಕೆಟ್ಟಿತು ಎಂದು ನಿಮ್ಮ ಅತ್ತೆ ಅಣ್ಣಮ್ಮ ದೇವಿಗೆ ಹರಕೆ ಕಟ್ಟಿದ್ದಾಳೆ.

ತಂತಿ ಕೊಡಿ ಎಂದಿದ್ದೀರಿ. ನಮ್ಮೂರಿಗೆ ತಂತಿ ಬಂದಿರುವುದೆಲ್ಲ ಸಾವಿಗೇ. ಅದನ್ನು ನನ್ನ ಕೈಯಿಂದ ಕೊಡಿಸಬೇಡಿ. ಅದೂ ಮೀನಿಗಾಗಿ.

ಮನಸ್ಸಿನಲ್ಲಿಟ್ಟುಕೊಂಡು ಕೊರಗುವವನಲ್ಲ ನಾನು, ಹೇಳಿಬಿಡುತ್ತೇನೆ. ಎರಡು ಕಾಗದ ಬರೆದಿರಿ. ಹೆಂಡತಿಗೆ ತಿಂಗಳು ತುಂಬುತ್ತಾ ಬಂತು, ಅವಳು ಹೇಗಿದ್ದಾಳೆ ಎಂದು ಒಂದು ಅಕ್ಷರವಿಲ್ಲ. ನನ್ನ ಮಗಳನ್ನು ಕೊಟ್ಟದ್ದು ಮನುಷ್ಯನಿಗೋ ಮೀನಿನ ವ್ಯಾಪಾರಿಗೋ ಎಂದು ಅನುಮಾನ ಬರುತ್ತಿದೆ. ಹೆರಿಗೆಯಾದ ಮೇಲೆ ಐದನೇ ತಿಂಗಳಿಗೆ ಕಳಿಸುವ ಪದ್ಧತಿ. ನಾನು ಕಳಿಸುವುದಿಲ್ಲ. ಅವಳೂ ಮಗುವೂ ಇಲ್ಲೇ ಇರಲಿ, ನಮ್ಮ ದ್ರಾಕ್ಷಿತೋಟದಲ್ಲಿ ಎರಡು ಹೊಟ್ಟೆಗೆ ಅನ್ನವಿದೆ.

ಪಿಳ್ಳಣ್ಣ

———

ಕಲ್ಕತ್ತ
೨೪-೧೦-೧೯೬೧

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ತಮ್ಮ ಕಾಗದವನ್ನು ಹಲವು ಸಲ ಓದಿದೆ. ತಾವು ಹೇಳಿದ್ದು ಸರಿಯೇ. ನಾನು ಏನು ಬರೆದರೆ ತಪ್ಪಾಗುವುದಿಲ್ಲವೋ ನನಗೆ ತಿಳಿಯದು.

ಮೊಟ್ಟೆ ಹೋದದ್ದು ಶಕುನವಲ್ಲ ಮಾವ. ತಪ್ಪು ನನ್ನದು, ಒಂದು ಸಾಲಿಗೆ ಜಾಗ ಉಳಿಸಲಿಲ್ಲ. ಹೆಣ್ಣನ್ನು ಬಯ್ಯಬೇಡಿ. ಅದು ದಣಿದಿರುತ್ತದೆ, ಚೆನ್ನಾಗಿ ಸೊಳ್ಳೆಹುಳು ಕೊಡಿ, ಬಾಲವೂ ಕೂಡಿಕೊಳ್ಳುತ್ತದೆ. ಚಳಿ ಬರುತ್ತಿದೆ, ಜಗುಲಿ ಒಳ್ಳೆಯದಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವ, ಗಾಳಿಯಾಡದ ಕೋಣೆಯಲ್ಲಿ ಇಡಿ. ಹೊಗೆ ಹಾಕುವುದಾದರೆ ತೊಟ್ಟಿಯ ಗಾಜು ಮುಚ್ಚಿ.

ಕಳಿಸುವ ವಿಷಯ ತಮ್ಮ ಚಿತ್ತ. ನಾನು ಯಾವ ಬಾಯಲ್ಲಿ ಕೇಳಲಿ.

ರಾಮಕೃಷ್ಣಪ್ಪ

———

(ಕಾರ್ಡು)
ಕಲ್ಕತ್ತ
೨೧-೧೧-೧೯೬೧

ಪೂಜ್ಯ ಮಾವನವರಿಗೆ. ತಮ್ಮಿಂದ ಕಾಗದ ಬಂದು ಬಹಳ ದಿನವಾಯಿತು. ಮೀನುಗಳು ಹೇಗಿವೆ? ಚಳಿಗೆ ತಡೆದುಕೊಂಡಿವೆಯೇ? ಬೆಚ್ಚಗಿನ ಕೋಣೆಯಲ್ಲಿ ಇಟ್ಟಿದ್ದೀರಾ? ಎರಡೇ ಸಾಲು ಬರೆದರೂ ಸಾಕು.
ರಾಮಕೃಷ್ಣಪ್ಪ

———

ಕೊಡಿಗೇಹಳ್ಳಿ
೨೯-೧೧-೧೯೬೧

ಮಹರಾಯರಾದ ಅಳಿಯಂದಿರಿಗೆ.

ನಮ್ಮ ಪಕ್ಕದ ಮನೆಯ ಮುನಿರಾಮಯ್ಯ ಯಶವಂತಪುರಕ್ಕೆ ಹೊರಟಿದ್ದ. ರೈಲಿನಲ್ಲಿ ಬೇಗ ಹೋಗಲಿ ಎಂದು ಅವನ ಕೈಯಲ್ಲಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕಾರ್ಡು ಕೊಟ್ಟು ಅಲ್ಲಿನ ಡಬ್ಬಿಗೇ ಹಾಕಿಸಿದೆ. ಆಮೇಲೆ ದಿನವೂ ಟಪಾಲಿನವನ ದಾರಿ ಕಾದೆ. ಕೊನೆಗೆ ನಿಮ್ಮ ಕಾರ್ಡು ಬಂತು. "ಮೀನುಗಳು ಹೇಗಿವೆ?"

ಭಲೆ! ಅಂಥ ಕಾರ್ಡು ಓದಿದ ಮೇಲೂ ನಿಮಗೆ ಕೇಳಲು ಮೀನೇ ಸಿಕ್ಕಿತೇ? ಸೂಲಗಿತ್ತಿ ದೊಡ್ಡಮುನಿಯಮ್ಮ ನಮ್ಮ ಮನೆ ಬಿಟ್ಟು ಕದಲದೆ ಕೂತ ಆ ಹೊತ್ತು ನಾನು ಪಟ್ಟ ಪಾಡು ನನಗೇ ಗೊತ್ತು. ಅದು ನಿಮಗೇಕೆ? ನೀವು ಕೇಳಿದ್ದು ಮೀನಿನ ವಿಷಯ, ಅದನ್ನೇ ಬರೆಯುತ್ತೇನೆ.

ಮೀನು ಕ್ಷೇಮ. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವುದು ಬಾಣಂತಿ ಕೋಣೆ. ಹಗಲೂ ರಾತ್ರಿ ಅಗ್ಗಿಷ್ಟಿಕೆ ಉರಿಯುತ್ತದೆ. ತೊಟ್ಟಿ, ಬಾಟ್ಲಿ ಎಲ್ಲವನ್ನೂ ನಿಮ್ಮ ಅತ್ತೆ ಗೊಣಗುತ್ತಲೇ ಅಲ್ಲಿಗೆ ಸಾಗಿಸಿದ್ದಾಳೆ. ನೀವು ಹೇಳಿದ್ದರಲ್ಲಿ ಒಂದಾದರೂ ನಡೆಯಲಿ. ಇನ್ನು ನನ್ನಿಂದ ಕಾಗದ ನಿರೀಕ್ಷಿಸಬೇಡಿ.

ಪಿಳ್ಳಣ್ಣ

———

(ತಂತಿ)
ಕಲ್ಕತ್ತ
೫-೧೨-೧೯೬೧

ಅಂಜಿನಮ್ಮ ಹೇಗಿದ್ದಾಳೆ. ಮಗು ಹೇಗಿದೆ. ತಿಳಿಸಿ. ರಾಮಕೃಷ್ಣಪ್ಪ.

———

ಕಲ್ಕತ್ತ
೫-೧೨-೧೯೬೧

ಮಾವ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಅರಿಶಿನದ ಕಾರ್ಡು ಯಾವುದು? ನನಗೆ ಬಂದಿಲ್ಲ. ದೇವರಾಣೆ ಬಂದಿಲ್ಲ. ಬಾಣಂತಿ ಕೋಣೆ ಎಂದು ಬರೆದಿದ್ದೀರಿ, ಹಾಗಾದರೆ ಹೆರಿಗೆಯಾಗಿದೆ. ಬಾಣಂತಿ ಹೇಗಿದ್ದಾಳೆ ಎಂದು ಬರೆದಿಲ್ಲ. ಮಗು ಎಂಬ ಶಬ್ದವೇ ಇಲ್ಲ. ಸೂಲಗಿತ್ತಿ ಕದಲದೆ ಕೂತಳು ಎಂದಿದೆ. ನಿಮ್ಮ ಕಾಗದವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಅಂಜಿ ಇದ್ದಾಳೋ ಇಲ್ಲವೋ, ಅದೊಂದು ನನಗೆ ತಿಳಿಯುತ್ತಿಲ್ಲ. ಅರಿಶಿನ ಹಚ್ಚಿದ್ದು ನಿಜವಾದರೆ ಒಳ್ಳೆಯದೇ ಇರಬೇಕು ಎಂದುಕೊಳ್ಳುತ್ತೇನೆ. ಮರುಕ್ಷಣ ಮತ್ತೆ ಹೆದರುತ್ತೇನೆ. ಇಂದು ಕಾರ್ಖಾನೆಯಲ್ಲಿ ಮೆಷೀನಿನ ಮುಂದೆ ನಿಂತು ಅಳತೆ ತಪ್ಪಿ ಕೆಲಸ ಕೆಡಿಸಿದೆ.

ನನ್ನ ತಾಯಿ ನಾನು ಚಿಕ್ಕವನಿದ್ದಾಗ ತೀರಿಹೋದರು ಎಂದು ನಿಮಗೆ ಹೇಳಿದ್ದಾರೆ. ಎಷ್ಟು ಚಿಕ್ಕವನು ಎಂದು ಯಾರೂ ಹೇಳಲಿಲ್ಲ. ಹೆಣ್ಣು ಕೇಳುವ ಹೊತ್ತಿನಲ್ಲಿ ಅಂಥ ಮಾತು ಬೇಡ ಎಂದು ಅಜ್ಜಿ ತಡೆದರು. ನಾನು ಹುಟ್ಟಿದ ದಿನವೇ ಹೋದರು ಮಾವ. ನನ್ನನ್ನು ಹೆತ್ತು.

ಅಂಜಿಗೆ ತಿಂಗಳು ನಿಂತ ದಿನದಿಂದ ನಾನು ಹೆದರಿಕೊಂಡೇ ಇದ್ದೇನೆ. ಹಿರಿಯರನ್ನು ಹೆಂಡತಿಯ ಬಸುರಿನ ಬಗ್ಗೆ ಹೇಗೆ ಕೇಳುವುದು? ಅದೂ ನೀವು ಜಗುಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದುವ ಕಾಗದದಲ್ಲಿ? ಮೊದಲ ಕಾಗದದಲ್ಲಿ ಬರೆದೆ, "ಅಂಜಿಗೆ ರಾತ್ರಿ ನಿದ್ದೆ ಬರುತ್ತದೆಯೇ, ಕಾಲು ಊದಿದೆಯೇ" ಎಂದು. ನಾಚಿಕೆಯಾಗಿ ಗೀಚಿ ಹಾಕಿದೆ. ಮೀನಿನ ವಿಷಯವಾದರೆ ನೀವು ಉತ್ತರ ಬರೆಯುತ್ತಿದ್ದಿರಿ. ಉತ್ತರದಲ್ಲಿ ಎಲ್ಲೋ ಒಂದು ಕಡೆ ಅವಳು ನಕ್ಕಳು, ಏನೋ ಕೇಳಿದಳು ಎಂದು ಇರುತ್ತಿತ್ತು. ಅದಕ್ಕಾಗಿ ಬರೆಯುತ್ತಿದ್ದೆ. ಮೀನು ಬದುಕಿದರೂ ಸತ್ತರೂ ನನಗೆ ಏನೂ ಇಲ್ಲ.

ನಿಜ ಏನಿದ್ದರೂ ಬರೆಯಿರಿ.

ರಾಮಕೃಷ್ಣಪ್ಪ

———

ಕೊಡಿಗೇಹಳ್ಳಿ
೧೨-೧೨-೧೯೬೧

ರಾಮಕೃಷ್ಣಾ,

ನಾನು ಕೊಟ್ಟ ತಂತಿ ಇದಕ್ಕೆ ಮುಂಚೆ ಸೇರಿರಬೇಕು. ಆದರೂ ಮತ್ತೆ ಬರೆಯುತ್ತೇನೆ. 'ತಾಯಿ ಮಗು ಕ್ಷೇಮ.' ಹೆಣ್ಣುಮಗು. ಅಂಜಿ ಗಟ್ಟಿಮುಟ್ಟಾಗಿದ್ದಾಳೆ, ಬಾಣಂತಿ ಖಾರ ತಿಂದು ಮುಖ ಸಿಂಡರಿಸುತ್ತಾಳೆ. ಹೆರಿಗೆ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಮಗು ಕಾಲು ಮುಂದಾಗಿ ಬಂತು. ದೊಡ್ಡಮುನಿಯಮ್ಮ ಗೆದ್ದಳು.

ನಿನ್ನ ತಂತಿಯ ಕಥೆ ಕೇಳು. ಖಾಕಿಯವನು ಸೈಕಲ್ಲಿನಲ್ಲಿ ಬಂದು ಬೀದಿಯಲ್ಲಿ ನನ್ನ ಹೆಸರು ಕೂಗಿದ. ಅಷ್ಟೇ, ನಿನ್ನ ಅತ್ತೆ ಕೈಯಲ್ಲಿದ್ದ ಮೊರ ಎಸೆದು ಎದೆ ಬಡಿದುಕೊಂಡಳು. "ಅಯ್ಯೋ ನನ್ ಅಳಿಯನ್ನ ಕಲ್ಕತ್ತ ನುಂಗ್ಬುಡ್ತಲ್ಲಪ್ಪೋ!" ಅಕ್ಕಪಕ್ಕದವರು ಸೇರಿದರು. ತಂತಿ ಇಂಗ್ಲಿಷಿನಲ್ಲಿ, ಓದುವವರು ಯಾರೂ ಇಲ್ಲ. ಹೆಬ್ಬಾಳದ ಕಾಲೇಜಿನಲ್ಲಿ ಗುಮಾಸ್ತನಾಗಿರುವ ನಮ್ಮ ಬೈರಣ್ಣನ ಹತ್ತಿರ ಪಂಚೆ ಎತ್ತಿ ಕಟ್ಟಿ ಓಡಿದೆ. ದಾರಿಯುದ್ದಕ್ಕೂ ನಿನ್ನನ್ನು ಬಯ್ದ ಮಾತೆಲ್ಲ ನೆನಪಾಯಿತು. ಬೈರಣ್ಣ ಓದಿ ನನ್ನ ಮುಖ ನೋಡಿದ.

"ಯಾರೂ ಸತ್ತಿಲ್ಲ ಕಣಯ್ಯ ಪಿಳ್ಳಣ್ಣ. ನಿನ್ ಅಳಿಯ ಎಂಡ್ತಿ ಎಂಗವ್ಳೆ, ಮಗು ಎಂಗದೆ ಅಂತ ಕೇಳವ್ನೆ."

"ಅಷ್ಟಕ್ಕೆ ತಂತಿಯಾ?"

"ಅಷ್ಟಕ್ಕೇ."

ಕಾಲೇಜಿನ ಕಲ್ಲುಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಓಡಾಡುವವರು ನೋಡಿದರು, ನೋಡಲಿ.

ಮನೆಗೆ ಬಂದರೆ ಇನ್ನೂ ಗೋಳು ನಿಂತಿಲ್ಲ. ಸಮಾಧಾನ ಹೇಳಲು ಮುನಿರಾಮಯ್ಯನೂ ಬಂದಿದ್ದ. ಅವನು ಪೇಟೆಗೆ ಹೋಗುವಾಗ, ಸಾವಿನ ಮನೆಗೆ ಹೋಗುವಾಗ ಮಾತ್ರ ಕೋಟು ಹಾಕುವವನು. ಬೀಡಿ ಹಚ್ಚಲು ಜೇಬಿಗೆ ಕೈ ಹಾಕಿದ. ಬೆಂಕಿಪೆಟ್ಟಿಗೆಯ ಜೊತೆ ಅರಿಶಿನದ ಕಾರ್ಡು ಬಂತು! ಯಶವಂತಪುರದಿಂದ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದವನು ಮತ್ತೆ ಮುಟ್ಟಿರಲಿಲ್ಲ. "ಈಗ್ಲೇ ಆಕ್ಬುಟ್ಟು ಬರ್ತೀನಣ್ಣ" ಎಂದು ಓಡಿದ. ಅವನನ್ನು ಬಯ್ಯಲೂ ನನ್ನಲ್ಲಿ ಶಕ್ತಿ ಇರಲಿಲ್ಲ.

ನಿನ್ನ ಕಾಗದ ನಿನ್ನೆ ಬಂತು. ಜಗುಲಿಯ ಬದಲು ಬಾಣಂತಿ ಕೋಣೆಯ ಬಾಗಿಲ ಹೊರಗೆ ಕೂತು ಓದತೊಡಗಿದೆ. ನಿನ್ನ ತಾಯಿಯ ವಿಷಯ ಬಂದಾಗ ಕಾಗದ ಮಡಿಚಿದೆ. ಒಳಗಿನಿಂದ ಅಂಜಿ "ಅಷ್ಟೇನಾ ಅಪ್ಪಾ?" ಎಂದಳು. ಅಷ್ಟೇ ಎಂದು ಸುಳ್ಳು ಹೇಳಿದೆ. ಉಳಿದದ್ದನ್ನು ಗಟ್ಟಿಯಾಗಿ ಓದಲು ನನಗೆ ಹಕ್ಕಿಲ್ಲ, ಅದು ನೀನೇ ಅವಳಿಗೆ ಹೇಳಬೇಕಾದ್ದು.

ಆಮೇಲೆ ಅಲ್ಲೇ ಕೂತು ಯೋಚಿಸಿದೆ. ಅಂಜಿ ಆ ಕೋಣೆ ಸೇರಿದಾಗಿನಿಂದ ಬೆಳಿಗ್ಗೆ ಸಂಜೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಒಳಗೆ ಗಂಡಸು ಹೋಗುವಂತಿಲ್ಲ. ಮಗಳನ್ನು "ಮೈ ಎಂಗದವ್ವ, ನೋವು ಕಮ್ಮಿ ಆಯ್ತಾ" ಎಂದು ತಂದೆಯಾದವನು ಹೇಗೆ ಕೇಳುವುದು? ಹಾಗಾಗಿ ನಾನು ಕೂಗುವುದು, "ಮೀನು ಎಂಗವೆ ಅಂಜೀ?" ಅವಳು ಉತ್ತರ ಕೊಡುತ್ತಾಳೆ. ದನಿ ಗಟ್ಟಿಯಾಗಿದ್ದರೆ ನನಗೆ ನೆಮ್ಮದಿ, ಸೋತಿದ್ದರೆ ಆ ದಿನ ಅನ್ನ ಸೇರುವುದಿಲ್ಲ. ಇಷ್ಟು ದಿನ ನಾನೂ ಅದನ್ನೇ ಮಾಡುತ್ತಿದ್ದೆನಪ್ಪ. ಅದೇ ಕೆಲಸಕ್ಕೆ ನಿನಗೆ ಮೀನಿನ ವ್ಯಾಪಾರಿ ಎಂದೆ. ತಪ್ಪು ನನ್ನದು, ಹಿರಿಯನಾದರೂ ಹೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೀನು ಈಗ ನಿನಗೆ ಬೇಡವೆಂದರೂ ಕೇಳಬೇಕು. ಹೋದ ವಾರ ಅಂಜಿ ಮಂಚದ ಮೇಲಿಂದಲೇ ಅಪ್ಪಣೆ ಕೊಟ್ಟು ನಿನ್ನ ಅತ್ತೆಯ ಕೈಯಿಂದ ಎರಡನ್ನೂ ತೊಟ್ಟಿಗೆ ಬಿಡಿಸಿದಳು. ಮೊಟ್ಟೆಯಾದ ಮೇಲೆ ನೀನು ಬರೆದದ್ದನ್ನು ನಾನು ಬಾಗಿಲ ಈಚೆಯಿಂದ ಹೇಳಿದೆ, ಈ ಸಲ ಹೆಣ್ಣನ್ನು ತೆಗೆದರು. ನಿನ್ನ ಅತ್ತೆ "ಇದ್ಯಾವ ಸೀಮೆ ನ್ಯಾಯ, ಎತ್ತೋಳು ಆಚೆ, ಮೀಸೆ ಒತ್ತೋನು ಒಳಗೆ" ಎಂದು ಕೂಗಾಡಿದಳು. ಈಗ ಸಾಂಬ್ರಾಣಿ ಹಾಕುವ ಮುಂಚೆ ಅವಳೇ ಗಾಜು ಮುಚ್ಚುತ್ತಾಳೆ. ಮರಿಗಳಾಗಿವೆಯಂತೆ, ಕಣ್ಣಿನ ರೆಪ್ಪೆಯ ಕೂದಲಿನಷ್ಟು ಇವೆಯಂತೆ. ಬಿದ್ದದ್ದನ್ನೆಲ್ಲ ಪಾಳೇಗಾರ ಬಾಯಲ್ಲಿ ಎತ್ತಿ ಗೂಡಿಗೆ ಇಡುತ್ತಾನಂತೆ, ಒಂದನ್ನೂ ನುಂಗುವುದಿಲ್ಲವಂತೆ. ಮಗುವಿಗೆ ಹಾಲು ಕುಡಿಸುತ್ತಾ ಅಂಜಿ ಅದನ್ನೇ ನೋಡುತ್ತಿರುತ್ತಾಳೆ. ನಿನ್ನೆ ಒಳಗಿನಿಂದ ಹೇಳಿದಳು, "ಅಪ್ಪಾ, ಇವ್ನು ಇಲ್ಲಿರ್ಬೋದು, ಅವ್ರು ಇರ್ಬಾರ್ದಾ?"

ನಿನ್ನ ಅತ್ತೆಯ ಕಡೆ ನೋಡಿದೆ. ಅವಳು ಅಗ್ಗಿಷ್ಟಿಕೆಗೆ ಕೆಂಡ ತುಂಬುವ ನೆಪ ಮಾಡಿಕೊಂಡು ಒಳಗೆ ಹೋದಳು. ಹೋಗುವಾಗ "ಬರೀರಿ, ಬರ್ಲಿ" ಎಂದಳು.

ಆದ್ದರಿಂದ ಬರೆಯುತ್ತಿದ್ದೇನೆ. ನಾಮಕರಣಕ್ಕೆ ಕರೆಯುವವರೆಗೆ ಕಾಯಬೇಡ. ರಜ ಸಿಕ್ಕಿದ ದಿನ ಹೊರಡು. ಆರು ಮಕ್ಕಳಿಗೂ ನಾನು ಬಾಗಿಲ ಈಚೆಯೇ ನಿಂತೆ. ನೀನು ನಿಲ್ಲಬೇಡ, ನೇರ ಒಳಗೆ ಹೋಗು, ಊರವರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಕಳಿಸುವುದಿಲ್ಲ ಎಂದಿದ್ದೆನಲ್ಲ, ಅದನ್ನು ಮರೆತುಬಿಡು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ.

ನಿನ್ನ ಮಾವ,
ಪಿಳ್ಳಣ್ಣ

———

(ಕಾರ್ಡು)
ಕಲ್ಕತ್ತ
೨೦-೧೨-೧೯೬೧

ಮಾವ,

ತಂತಿ ಬಂತು, ಕಾಗದ ಬಂತು, ಇವತ್ತು ಮುನಿರಾಮಯ್ಯನವರ ಜೇಬಿನ ಕಾರ್ಡೂ ಬಂತು. ಅರಿಶಿನದ ಮೇಲೆ ಬೀಡಿಯ ವಾಸನೆ. ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ರಜ ಸಿಕ್ಕಿದೆ, ಶನಿವಾರ ಹೊರಡುತ್ತೇನೆ.

ಇನ್ನು ಕೆಳಗಿನದನ್ನು ಜಗುಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದಿ. ಗೀಚಿ ಹಾಕಿಲ್ಲ.

ಅಂಜಿ, ರಾತ್ರಿ ನಿದ್ದೆ ಬರುತ್ತದೆಯಾ? ಕಾಲಿನ ಊತ ಇಳಿಯಿತಾ? ಮಗು ಯಾರ ಥರ ಇದೆ? ನಾನು ಬರ್ತಾ ಇದ್ದೀನಿ.

ರಾಮಕೃಷ್ಣಪ್ಪ